ಬಾಯಿಗೆ ಅಡ್ಡ ಹಿಡಿದ ಕೈ

ಮಾಜಿ ಯಾ ಚಾಯ್
ಭಾನುವಾರ, ೯ ನವೆಂಬರ್ ೨೦೦೩

ನನ್ನ ಪ್ರೀತಿಯ ಮಗಳು ಆಯ್ಕಾಯೆಲಿಗೆ,

ಕರ್ತನ ಹೆಸರಿನಲ್ಲಿ ನಿನ್ನ ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಆತನ ದಯೆಯಿಂದ ಚೆನ್ನಾಗಿದ್ದೇವೆ. ನೀನೂ ನಿನ್ನ ಹಾಸ್ಟೆಲಿನ ಗೆಳತಿಯರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಅಷ್ಟು ದೂರದ ಟುಕುಯುವಿನ ಟೀಚರ್ ತರಬೇತಿ ಕಾಲೇಜಿನಿಂದ ಅದು ಎಂಟೇ ದಿನದಲ್ಲಿ ಬಂತು, ನನ್ನ ಉತ್ತರ ಮಾತ್ರ ಇಷ್ಟು ತಡ. ನೆಪಗಳಿಗೇನೂ ಕಡಿಮೆಯಿಲ್ಲ. ಹಸು ಕರು ಹಾಕಿತು, ಹೆಣ್ಣು ಕರು, ಹಣೆಯ ಮೇಲೆ ಬಿಳಿ ಮಚ್ಚೆ. ಮಳೆ ಬಿತ್ತು, ಬೀನ್ಸ್ ಬಿತ್ತನೆ ಶುರುವಾಯಿತು. ನಿನ್ನ ಅಪ್ಪನ ಮಂಡಿ ಊದಿಕೊಂಡು ಹತ್ತು ದಿನ ಸೈಕಲ್ ಅಂಗಡಿ ಬಾಗಿಲು ಹಾಕಿತ್ತು, ಈಗ ಇಳಿದಿದೆ. ಆದರೆ ನಿನಗೆ ಸುಳ್ಳು ಯಾಕೆ ಹೇಳಲಿ? ಮೂರು ಸಲ ಪೆನ್ನು ಹಿಡಿದು ಕೂತೆ, ಮೂರು ಸಲವೂ ಎದ್ದುಹೋದೆ. ಇವತ್ತು ಆರಾಧನೆ ಮುಗಿಸಿಕೊಂಡು ಬಂದವಳು ಊಟಕ್ಕೂ ಮೊದಲು ಕೂತಿದ್ದೇನೆ.

ನೀನು ಕಳಿಸಿದ ಫೋಟೋ ನನ್ನ ಹತ್ತಿರ ಇಲ್ಲ. ನಿನ್ನ ಅಪ್ಪ ಅದನ್ನು ಅಂಗಡಿಗೆ ಒಯ್ದು ಪಂಪಿನ ಪಕ್ಕದ ಹಲಗೆಗೆ ಮೊಳೆ ಹೊಡೆದಿದ್ದಾರೆ. ಯಾರು ಪಂಕ್ಚರ್ ಹಾಕಿಸಲು ಬಂದರೂ, "ಟೈರು ಎಲ್ಲಿಗೂ ಹೋಗಲ್ಲ, ಮೊದಲು ಇದನ್ನ ನೋಡು" ಎನ್ನುತ್ತಾರಂತೆ. ನಮ್ಮ ಸಭೆಯ ಹಿರಿಯರಾದ ಪಲ್ಲಂಗ್ಯೋ ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಈ ಮಕ್ಕಳೆಲ್ಲ ಯಾಕೆ ಹಿಂಗೆ ನಗ್ತಾವೆ? ಪಾಠ ಹೇಳ್ತಾಳೋ, ಕಚಗುಳಿ ಇಡ್ತಾಳೋ?" ಅಂದರಂತೆ. ನಿನ್ನ ಅಪ್ಪ, "ಟೀಚರ್ ನಗ್ತಿದಾಳಲ್ಲ ಅಜ್ಜ, ಅದಕ್ಕೇ" ಅಂದರಂತೆ.

ಹೌದು ಮಗಳೇ, ನಲವತ್ತು ಮಕ್ಕಳ ನಡುವೆ ನಿಂತು ನೀನು ನಗುತ್ತಿದ್ದೀಯ. ತುಟಿ ಬಿಗಿಹಿಡಿದಿಲ್ಲ, ತಲೆ ಬಗ್ಗಿಸಿಲ್ಲ. ನಮ್ಮ ಹೊಳೆಯ ಚಹಾ ಬಣ್ಣವನ್ನೇ ಹೊತ್ತ ನಿನ್ನ ಹಲ್ಲುಗಳೆಲ್ಲ ಬಿಸಿಲಿಗೆ ಕಾಣುತ್ತಿವೆ. ಲಕೋಟೆ ಒಡೆದು ನೋಡಿದವಳು ಒಲೆಯ ಮುಂದೆಯೇ ಅದನ್ನು ಹಿಡಿದು ಕೂತೆ. ಒಲೆಯ ಮೇಲಿದ್ದ ಉಗಾಲಿ ಮುದ್ದೆ ಸೀದು ಹೋಗಿ, ಅವತ್ತು ನಿನ್ನ ಅಪ್ಪ ಬರೀ ಹಾಲು ಬಾಳೆಕಾಯಿ ತಿಂದು ಮಲಗಿದರು.

ಆ ಕಾಗದದಲ್ಲಿ ಒಂದು ಸಾಲು ಬರೆದಿದ್ದೀಯ. ಒಂದನೇ ತರಗತಿಯ ಹುಡುಗಿಯೊಬ್ಬಳು "ಟೀಚರ್, ನಿಮ್ಮ ಹಲ್ಲು ಯಾಕೆ ಕಂದು?" ಎಂದು ಕೇಳಿದಳು, ನೀನು ಹೆದರದೆ ಅವಳನ್ನು ಹತ್ತಿರ ಕರೆದು ತೋರಿಸಿದೆ. "ಅಮ್ಮಾ, ಇದನ್ನು ನಾನು ಕಲಿತದ್ದು ನಿನ್ನಿಂದ." ಆ ಸಾಲು ನನ್ನನ್ನು ಕೂರಲು ಬಿಡುತ್ತಿಲ್ಲ. ಐದು ವರ್ಷದ ಹಿಂದೆ ನಡೆದದ್ದು ನಿನಗೂ ಗೊತ್ತು. ಆದರೆ ನನ್ನ ಕಡೆಯಿಂದ ಅದು ಹೇಗಿತ್ತೆಂದು ನಾನು ಯಾವತ್ತೂ ಹೇಳಿಲ್ಲ. ಈಗ ನೀನೂ ಟೀಚರ್ ಆಗುತ್ತಿದ್ದೀಯ, ಕೇಳಿಸಿಕೋ.

ತೊಂಬತ್ತೆಂಟರ ಜೂನ್. ನೀನು ಟಾಂಗಾದ ಹಾಸ್ಟೆಲ್ ಶಾಲೆಗೆ ಸೇರಿ ಐದು ತಿಂಗಳಾಗಿತ್ತು, ಮೊದಲ ರಜೆಗೆ ಬರುತ್ತಿದ್ದೆ. ಕೂಡುರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತಿದ್ದ ನನ್ನ ಮುಂದೆ ಇಳಿದ ಹುಡುಗಿಯ ಕೈಯಲ್ಲಿ ಕರವಸ್ತ್ರವಿತ್ತು, ಅದು ಬಾಯಿಯ ಮೇಲಿತ್ತು. ಧೂಳಿಗೆ ಇರಬೇಕು ಅಂದುಕೊಂಡೆ. ಮನೆಗೆ ಬಂದ ಮೇಲೂ ಅದು ಇಳಿಯಲಿಲ್ಲ. ನೀನು ಊಟಕ್ಕೆ ಗೋಡೆಯ ಕಡೆ ತಿರುಗಿ ಕೂತೆ. ಕೋಳಿಗಳನ್ನು ಅಟ್ಟುವಾಗಲೂ ಹಾಡುತ್ತಿದ್ದ ಹುಡುಗಿ ಏನು ಕೇಳಿದರೂ ಹೂಂ, ಊಹೂಂ. ನಮ್ಮೂರಿನಲ್ಲಿ ಎಲ್ಲರ ಹಲ್ಲೂ ಕಂದು, ಇಲ್ಲಿ ಬೆಳೆಯುವ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಟಾಂಗಾದ ಸಮುದ್ರದಂಡೆಯ ಹುಡುಗಿಯರು ನಿನಗೆ 'ತುಕ್ಕು' ಎಂದು ಹೆಸರಿಟ್ಟಿದ್ದರು. ಅದು ನನಗೆ ತಿಳಿದದ್ದು ಎರಡನೇ ವಾರ.

ತಿಳಿದದ್ದು ಹೇಗೆಂದು ನೆನಪಿದೆಯಾ? ನಾನು ಬಾಳೆತೋಟದಿಂದ ಹುಲ್ಲು ಹೊತ್ತು ಬಂದೆ. ನೀನು ಬಚ್ಚಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಇಟ್ಟಿಗೆ ಪುಡಿಯಿಂದ ಹಲ್ಲು ಉಜ್ಜುತ್ತಿದ್ದೆ. ಪಕ್ಕದಲ್ಲಿ ಬೂದಿ, ಹಿಂಡಿದ ನಿಂಬೆ ಹೋಳುಗಳು. ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನಾನು ಹುಲ್ಲಿನ ಹೊರೆ ಅಲ್ಲೇ ಎಸೆದು ನಿನ್ನ ಕೈ ಹಿಡಿದುಕೊಂಡೆ.

"ಬಿಡು ಅಮ್ಮ. ಇನ್ನೊಂದು ವಾರ ಉಜ್ಜಿದರೆ ಹೋಗತ್ತೆ. ಆಮೇಲೆ ಟಾಂಗಾದಲ್ಲಿ ಯಾರೂ ತುಕ್ಕು ಅಂತ ಕರೆಯಲ್ಲ."

"ಹೋಗಲ್ಲ ಮಗಳೇ. ನಾನೂ ಉಜ್ಜಿದೀನಿ. ಅದು ಮೇಲೆ ಹತ್ತಿದ ಕೊಳೆ ಅಲ್ಲ."

"ಹಂಗಾದ್ರೆ ನಾನು ಶಾಲೆಗೆ ಹೋಗಲ್ಲ. ಇಲ್ಲೇ ಹಸು ಕಾಯ್ಕೊಂಡು ಇರ್ತೀನಿ. ಹಸುಗಳು ಏನೂ ಅನ್ನಲ್ಲ."

ನಮ್ಮ ಇಡೀ ಬೀದಿಯಲ್ಲಿ ಪ್ರೌಢಶಾಲೆಗೆ ಆಯ್ಕೆಯಾದ ಒಬ್ಬಳೇ ಹುಡುಗಿ ನೀನು. ನಿನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಬಾಯಿ ತೊಳೆಸಿ, ನನಗೆ ಗೊತ್ತಿದ್ದ ದೇವರ ವಾಕ್ಯವನ್ನೆಲ್ಲ ಹೇಳಿದೆ. ತಾಯಿಯ ಗರ್ಭದಲ್ಲೇ ಆತ ನಮ್ಮನ್ನು ನೇಯ್ದಿದ್ದಾನೆ, ಆತ ನೋಡುವುದು ಮುಖವನ್ನಲ್ಲ ಹೃದಯವನ್ನು, ಆತನ ಕಣ್ಣಿಗೆ ನೀನು ಚೆಲುವೆ. ನೀನು ಕೇಳುತ್ತಾ ಕೇಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಮೆಲ್ಲಗೆ ಅಂದೆ:

"ಇದನ್ನೆಲ್ಲ ಹೇಳುವಾಗ ನೀನು ಯಾಕಮ್ಮ ಬಾಯಿ ಮುಚ್ಚಿಕೊಂಡಿದೀಯ?"

ನಾನು ನೋಡಿಕೊಂಡೆ. ಹೆಗಲ ಮೇಲಿದ್ದ ಕಾಂಗಾ ಬಟ್ಟೆಯ ಅಂಚು ನನ್ನ ಕೈಯಲ್ಲಿತ್ತು. ಕೈ ನನ್ನ ಬಾಯಿಯ ಮೇಲಿತ್ತು.

ಎದ್ದು ಹುಲ್ಲು ಹರಡಲು ಹೋದೆ. ಹರಡುತ್ತಾ ನೆನಪಿಸಿಕೊಂಡೆ. ಮದುವೆಗೆ ಮುಂಚೆ ನಾನು ಅರುಷಾ ಪಟ್ಟಣದ ಒಂದು ಮನೆಯಲ್ಲಿ ಕೆಲಸಕ್ಕಿದ್ದೆ, ಹದಿನೇಳು ವಯಸ್ಸು. ಮನೆಯ ಯಜಮಾನಿ ಕೆಟ್ಟವಳೇನಲ್ಲ, ಹೊಟ್ಟೆತುಂಬ ಊಟ ಹಾಕುತ್ತಿದ್ದಳು. ಒಂದು ದಿನ ಮಾತ್ರ, "ಅತಿಥಿಗಳು ಬಂದಾಗ ಬಾಯಿ ಬಿಡಬೇಡ ಕಣೇ, ಅವರಿಗೆ ಊಟ ಸೇರಲ್ಲ" ಅಂದಳು. ಅವತ್ತು ಎತ್ತಿದ ಕೈ. ಎರಡು ವರ್ಷದ ಮೇಲೆ ಕೆಲಸ ಬಿಟ್ಟೆ, ಮದುವೆಯಾದೆ, ನಿನ್ನನ್ನು ಹೆತ್ತೆ. ಕೈ ಮಾತ್ರ ಇಳಿಯಲೇ ಇಲ್ಲ. ಮಹಿಳೆಯರ ಗಾಯನ ತಂಡದಲ್ಲಿ ಹತ್ತೊಂಬತ್ತು ವರ್ಷ ಹಾಡಿದ್ದೆ, ಒಂದು ಸಲವೂ ಮುಂದಿನ ಸಾಲಿಗೆ ಬಂದವಳಲ್ಲ. ನಿನಗೆ ಮಾತು ಕಲಿಸಿದವಳು ನಾನು. ಮಾತಿನ ಜೊತೆಗೆ ಇದನ್ನೂ ಕಲಿಸಿದ್ದೆ. ನೀನು ಟಾಂಗಾದಿಂದ ತಂದೆಯೆಂದು ನಾನು ತಿಳಿದಿದ್ದ ಆ ಕರವಸ್ತ್ರ ನಮ್ಮ ಮನೆಯದೇ.

ಸಂಜೆ ಊಟದ ಪ್ರಾರ್ಥನೆಗೆ ಕೂತಾಗ ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ನೀನು ಒಳಗೆ ಮಲಗಿದ್ದೆ, ಕೇಳಿಸಿಕೊಂಡೆಯೋ ಇಲ್ಲವೋ. ನಿನ್ನ ಅಪ್ಪ ಮಾತಾಡುವುದು ಕಡಿಮೆ, ಆಡಿದರೆ ಸೈಕಲ್ಲಿನ ಬೋಲ್ಟು ತಿರುಗಿಸಿದ ಹಾಗೆ ಒಂದೇ ಕಡೆ.

"ಅವಳಿಗೆ ವಾಕ್ಯ ಸಾಕು ಮಾಡು," ಅಂದರು. "ಪುನರುತ್ಥಾನದ ಭಾನುವಾರ ಎದ್ದು ಬಂದ ಸ್ವಾಮಿ ಗಾಯ ಅಳಿಸ್ಕೊಂಡು ಬಂದನಾ? ಸಾವನ್ನೇ ಗೆದ್ದವನಿಗೆ ಎರಡು ಕೈಯ ಮೊಳೆ ತೂತು ಮುಚ್ಚೋದು ಕಷ್ಟ ಆಗಿತ್ತಾ? ಮುಚ್ಚಲಿಲ್ಲ. ಹೆದರಿ ಕೂತಿದ್ದವರ ಮುಂದೆ ಕೈ ಚಾಚಿ ತೋರಿಸಿದ. ಆಮೇಲೆ ಅವರಿಗೆ ಧೈರ್ಯ ಬಂತು. ನೀನು ಮೊದಲು ಕೈ ಇಳಿಸು ಅನಾಯೆಲಿ."

"ನಿಮಗೇನು ಹೇಳೋಕೆ. ನೀವೂ ಕಂದು ಹಲ್ಲಿನವರೇ, ಆದ್ರೆ ಗಂಡಸರ ಬಾಯಿ ಯಾರು ನೋಡ್ತಾರೆ?"

"ನೋಡಿದ್ರೂ ಎರಡು ಹಲ್ಲಿಲ್ಲ. ಆ ಜಾಗ ನೋಡ್ಕೊಂಡು ಸುಮ್ಮನಾಗ್ತಾರೆ."

ನಾನು ನಕ್ಕೆ. ನಗುವಾಗ ಕೈ ಮತ್ತೆ ಮೇಲೆ ಹೋಯಿತು. ಅವರು ಅದನ್ನು ನೋಡಿ ತಟ್ಟೆಯ ಕಡೆ ತಿರುಗಿದರು.

ಆ ವಾರವೆಲ್ಲ ನಾನು ಪ್ರಾರ್ಥಿಸಿದೆ. ಹಾಲು ಕರೆಯುವಾಗ, ಸೌದೆ ಆಯುವಾಗ, ಒಂದೇ ಪ್ರಾರ್ಥನೆ. ಸ್ವಾಮಿ, ಹಲ್ಲು ಬಿಳಿ ಮಾಡು ಅಂತ ಕೇಳಲ್ಲ, ಈ ಕೈಯನ್ನ ಹಿಡ್ಕೋ. ಮುಂದಿನ ಭಾನುವಾರ ಸುಗ್ಗಿಯ ಕಾಣಿಕೆ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಬಾಳೆಗೊನೆ, ಕೋಳಿ, ಮೊಟ್ಟೆ ಎಲ್ಲ ಹರಾಜಿಗಿಟ್ಟಾಗ, ಪ್ರತಿ ವರ್ಷ ಹರಾಜು ಕೂಗುವ ಪಲ್ಲಂಗ್ಯೋ ಅಜ್ಜನ ಗಂಟಲು ಕಟ್ಟಿತ್ತು. ಯಾರು ಕೂಗುತ್ತೀರಿ ಎಂದು ಬೋಧಕರು ಕೇಳಿದರು. ನಾನು ಎದ್ದು ನಿಂತೆ. ನನಗಿಂತ ಹೆಚ್ಚು ಆಶ್ಚರ್ಯವಾದದ್ದು ನಿನ್ನ ಅಪ್ಪನಿಗೆ, ಕೂತಿದ್ದ ಬೆಂಚಿನಿಂದ ಜಾರುವವರಿದ್ದರು.

ಕಾಂಗಾವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡೆ. ಕೈಗೆ ಒಂದು ಹುಂಜ ಕೊಟ್ಟರು. ಎರಡು ಕೈಯಲ್ಲೂ ಹಿಡಿಯಬೇಕಾಗಿತ್ತು, ಅದೇ ನನ್ನನ್ನು ಉಳಿಸಿತು.

"ನೋಡ್ರಪ್ಪಾ, ಈ ಹುಂಜ ಬೋಧಕರಿಗಿಂತ ಮುಂಚೆ ಏಳ್ತದೆ. ಬೇಡ ಅನ್ನೋರು ಯಾರು?" ಎಂದು ಕೂಗಿದೆ. ನಗು ಬಂತು. ಮುದುಕಿಯೊಬ್ಬಳು, "ಅನಾಯೆಲಿ, ಇಷ್ಟು ದಿನ ಆ ದನಿ ಎಲ್ಲಿ ಬಚ್ಚಿಟ್ಟಿದ್ದೆ?" ಅಂದಳು. "ಹಲ್ಲಿನ ಹಿಂದೆ ಅಜ್ಜಿ" ಅಂದೆ. ಮತ್ತೂ ನಗು. ಆಮೇಲೆ ಒಂದು ಕುಂಬಳಕಾಯಿ ಎತ್ತಿ ಹಿಡಿದು, "ಇದರ ಬಣ್ಣ ನೋಡಬೇಡಿ, ನನ್ನ ಹಲ್ಲಿನ ಹಾಗೆ ಗಟ್ಟಿ, ನಲವತ್ತು ವರ್ಷವಾದರೂ ಅಲ್ಲಾಡಲ್ಲ" ಅಂದೆ. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರ ಬಾಯಿಯೂ ಕಂದು, ಎಲ್ಲರ ಬಾಯಿಯೂ ತೆರೆದಿತ್ತು. ನನ್ನ ಮೈ ಹಗುರಾಯಿತು. ನಿನಗಾಗಿ ಮಾಡಿದೆ, ಗೆದ್ದೆ ಎಂದು ನಿನ್ನನ್ನು ಹುಡುಕಿದರೆ ನೀನು ಕೂತಿದ್ದ ಜಾಗ ಖಾಲಿಯಿತ್ತು.

ಮನೆಗೆ ಬಂದಾಗ ನೀನು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ನೀನು ಎಲ್ಲರನ್ನ ನಗಿಸಿದ್ದು ನಿನ್ನ ಹಲ್ಲಿನಿಂದ ಅಲ್ಲ, ನನ್ನ ಹಲ್ಲಿನಿಂದ." ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ತಾಯಿಯಾದವಳು ಒಂದು ದಿನ ಧೈರ್ಯ ಮಾಡಿಬಿಟ್ಟರೆ ಮಗಳಿಗೂ ಅದು ಬಂದುಬಿಡುತ್ತದೆ ಎಂದು ತಿಳಿದಿದ್ದೆ. ಮೂರನೇ ದಿನ ಅರ್ಥವಾಯಿತು, ನಾನು ಕೈ ಇಳಿಸಿದ್ದು ನನ್ನವರ ಮುಂದೆ, ನನ್ನ ಹಾಗೆಯೇ ಇರುವವರ ಮುಂದೆ. ನಿನ್ನನ್ನು ಕಳಿಸಬೇಕೆಂದಿದ್ದದ್ದು ಬಿಳಿ ಹಲ್ಲಿನವರ ನಡುವೆ. ಅಲ್ಲಿಗೆ ನಾನು ಬರದೆ ನಿನ್ನನ್ನು ಮಾತ್ರ ಹೋಗು ಅನ್ನುವುದು ಎಲ್ಲಿಯ ನ್ಯಾಯ?

"ನಾನೂ ಟಾಂಗಾಕ್ಕೆ ಬರ್ತೀನಿ," ಅಂದೆ. "ನಿನ್ನ ಶಾಲೆ ನೋಡ್ತೀನಿ. ನೋಡಿದ ಮೇಲೆ ನೀನು ಇರಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ತೀನಿ, ಆಣೆ."

ನೀನು ನಂಬಲಿಲ್ಲ, ಆದರೂ ಪೆಟ್ಟಿಗೆ ಕಟ್ಟಿದೆ.

ಬಸ್ಸು ಹತ್ತುವಾಗ ನಿನ್ನ ಅಪ್ಪ ಮೆಟ್ಟಿಲ ಮೇಲೆಯೇ ನಿನ್ನ ತಲೆಗೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದರು. ಕಂಡಕ್ಟರ್, "ಏನ್ರೀ ಯಜಮಾನ್ರೇ, ನಿಮ್ಮ ದೇವರು ಬಸ್ಸನ್ನೂ ಕಾಯ್ತಾನಾ?" ಎಂದು ಕೂಗಿದ. ಅವರು ಕಣ್ಣು ತೆರೆಯದೆ, "ಕಾಯ್ತಾನೆ. ನೀನೂ ಸ್ವಲ್ಪ ಕಾಯಿ" ಅಂದರು. ಬಸ್ಸಿನವರೆಲ್ಲ ನಕ್ಕರು. ನೀನೂ ನಕ್ಕೆ ಅನ್ನಿಸಿತು, ಕರವಸ್ತ್ರದ ಹಿಂದೆ.

ದಾರಿಯಲ್ಲಿ ಮುಹೇಜಾ ಊರಿನಲ್ಲಿ ಕಿತ್ತಳೆ ಕೊಂಡು ತಿಂದೆವು. ಶನಿವಾರ ಮಧ್ಯಾಹ್ನ ಶಾಲೆ ತಲುಪಿದೆವು. ಹಾಸ್ಟೆಲ್ ನೋಡಿಕೊಳ್ಳುವ ಮೇಟ್ರನ್ ಒಳ್ಳೆಯವರು, ನನಗೆ ರೋಗಿಗಳ ಕೋಣೆಯಲ್ಲಿ ಒಂದು ಮಂಚ ಕೊಟ್ಟರು. ಮರುದಿನ ಬೆಳಿಗ್ಗೆ ಊಟದ ದೊಡ್ಡ ಕೋಣೆಯಲ್ಲಿ ಹುಡುಗಿಯರ ಆರಾಧನೆ. ಇನ್ನೂರು ಹುಡುಗಿಯರು, ಎಲ್ಲರದೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಊರಿನಿಂದ ಯಾರಾದರೂ ಬಂದಿದ್ದರೆ ಎದ್ದು ಶುಭಾಶಯ ಹೇಳಬೇಕು ಎಂದು ಟೀಚರ್ ಕರೆದರು. ನೀನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದೆ.

ನಾನು ಮುಂದೆ ಹೋದೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಎಂಟು ಗಂಟೆ ಬಾಯಿಪಾಠ ಮಾಡಿದ್ದೆ. "ಮಕ್ಕಳೇ, ಮೇರು ಬೆಟ್ಟದ ಬುಡದಿಂದ ನಿಮಗೆ ಶುಭಾಶಯ ತಂದಿದೀನಿ..." ಅಷ್ಟು ಹೇಳಿದೆ. ಮೂರನೇ ಸಾಲಿನಿಂದ ಕಿಸಕ್ಕೆಂದು ಒಂದು ನಗು. "ಅಯ್ಯೋ, ಅಮ್ಮನೂ ತುಕ್ಕು" ಎಂದು ಯಾರೋ ಪಿಸುಗುಟ್ಟಿದರು. ಪಿಸುಮಾತು ಇನ್ನೂರು ಜನಕ್ಕೂ ಕೇಳಿಸಿತು.

ಮಗಳೇ, ಈಗ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ಬಾಯಿಪಾಠವೆಲ್ಲ ಹೋಯಿತು. ಹುಂಜವಿಲ್ಲ, ಕುಂಬಳಕಾಯಿಯಿಲ್ಲ, ಕೈ ಎರಡೂ ಖಾಲಿ. ಬಲಗೈ ತಾನಾಗಿ ಎದ್ದಿತು, ಕಾಂಗಾದ ಅಂಚನ್ನು ಎಳೆದುಕೊಂಡು ಬಾಯಿಯ ಮೇಲೆ ಕೂತಿತು. ಸೋತೆ ಅಂದುಕೊಂಡೆ. ಇಷ್ಟು ದೂರ ಬಂದು, ಮಗಳ ಕಣ್ಣೆದುರೇ ಸೋತೆ. ಸ್ವಾಮೀ ಎಂದೆ. ಅಷ್ಟೇ ಪ್ರಾರ್ಥನೆ.

ಬೆಂಚು ಸರಿದ ಸದ್ದಾಯಿತು. ನೀನು ಎದ್ದು ಬರುತ್ತಿದ್ದೆ. ಬಾಗಿಲಿನ ಕಡೆ ಹೋಗುತ್ತೀಯ ಅಂದುಕೊಂಡೆ. ನೀನು ನೆಟ್ಟಗೆ ನನ್ನ ಹತ್ತಿರ ಬಂದೆ. ನನ್ನ ಕೈಯನ್ನು ಬಾಯಿಂದ ತೆಗೆದು, ನಿನ್ನ ಕೈಯಲ್ಲಿ ಹಿಡಿದುಕೊಂಡು ನಿಂತೆ. ನಿನ್ನ ಕರವಸ್ತ್ರ ಬೆಂಚಿನ ಮೇಲೇ ಬಿದ್ದಿತ್ತು.

"ಇವರು ನನ್ನ ಅಮ್ಮ," ಅಂದೆ. "ನಮ್ಮೂರಲ್ಲಿ ಎಲ್ಲರ ಹಲ್ಲೂ ಹಿಂಗೇ. ಹೊಳೆ ನೀರು ಹಂಗಿದೆ. ಉಜ್ಜಿದ್ರೆ ಹೋಗಲ್ಲ, ನಾನು ಉಜ್ಜಿ ನೋಡಿದೀನಿ. ನಗೋದಾದ್ರೆ ನನ್ನ ನೋಡಿ ನಗಿ. ನಮ್ಮಮ್ಮ ಎಂಟು ಗಂಟೆ ಬಸ್ಸಲ್ಲಿ ಕೂತು ನಿಮಗೆ ಶುಭಾಶಯ ಹೇಳೋಕೆ ಬಂದಿದಾರೆ, ಅದನ್ನ ಹೇಳೋಕೆ ಬಿಡಿ."

ನಾನು ಹೇಳಿದೆ. ಬಾಯಿಪಾಠ ಮಾಡಿದ್ದು ಯಾವುದೂ ಬರಲಿಲ್ಲ. ನಾನು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಸ್ವಾಮಿ ತನ್ನ ಗಾಯ ಮುಚ್ಚಿಕೊಳ್ಳಲಿಲ್ಲ, ಅದು ಇವತ್ತು ನನ್ನ ಮಗಳಿಂದ ನನಗೆ ಅರ್ಥವಾಯಿತು, ಅಂದೆ. ಆಮೇಲೆ ಮಾತು ಮುಗಿಯಿತು. ನೀನು ಮೆಲ್ಲಗೆ ನಮ್ಮ ಭಾಷೆಯ ಸಂಜೆಯ ಹಾಡು ಎತ್ತಿದೆ, ಮಲಗುವ ಮೊದಲು ನಾವು ಮೂವರೂ ಹಾಡುತ್ತಿದ್ದೆವಲ್ಲ, ಅದು. ಐದಾರು ತಿಂಗಳಾಗಿತ್ತು ನೀನು ಹಾಡಿದ್ದು ಕೇಳಿ. ನಾನು ಎರಡನೇ ದನಿ ಸೇರಿಸಿದೆ. ಎರಡು ಕಂದು ಬಾಯಿ, ಪೂರ್ತಿ ತೆರೆದು.

ಪಿಸುಗುಟ್ಟಿದವಳು ಪೆರ್ಪೆತುವಾ ಎಂಬ ಹುಡುಗಿ ಎಂದು ನೀನು ಆಮೇಲೆ ಹೇಳಿದೆ. ಊಟಕ್ಕೆ ಕೂತಾಗ ಅವಳು ನನ್ನ ಎದುರು ಬಂದು ನಿಂತು ಬೆರಳು ತಿರುಚುತ್ತಿದ್ದಳು.

"ಅಮ್ಮಾ, ಅದು ನೋಯ್ತದಾ?"

"ಹಲ್ಲು ನೋಯಲ್ಲ ಮಗಳೇ. ಬೇರೆ ಜಾಗ ನೋಯ್ತದೆ."

ಅವಳು ಅತ್ತಳು. ನೀನು ಅವಳಿಗೆ ಜಾಗ ಬಿಟ್ಟು ಸರಿದು ಕೂತೆ. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಸಂಜೆ ನಾನು, "ಏನಮ್ಮ, ಪೆಟ್ಟಿಗೆ ಕಟ್ತೀಯಾ?" ಎಂದು ಕೇಳಿದೆ. "ನೀನು ಹೋಗು ಅಮ್ಮ, ಹಸು ಕರೆಯೋರಿಲ್ಲ" ಅಂದೆ. ನಾನು ಮಾರನೆಯ ದಿನ ಒಬ್ಬಳೇ ಬಸ್ಸು ಹತ್ತಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದವನು ಎದ್ದು ಬೇರೆ ಕಡೆ ಹೋದ.

ಎಲ್ಲ ಅವತ್ತೇ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆ ವರ್ಷವೆಲ್ಲ ಒಬ್ಬಿಬ್ಬರು ನಿನ್ನನ್ನು ಹಾಗೆಯೇ ಕರೆಯುತ್ತಿದ್ದರು, ನೀನೇ ಬರೆದಿದ್ದೆ. ನನ್ನ ಕೈಯೂ ಆಗಾಗ ಎದ್ದು ಬರುತ್ತದೆ. ಈಗ ಅದು ಎದ್ದಾಗ ನಿನ್ನ ಕೈ ನೆನಪಾಗುತ್ತದೆ, ಇಳಿಸುತ್ತೇನೆ. ಗಾಯನ ತಂಡದಲ್ಲಿ ನಾನೀಗ ಮುಂದಿನ ಸಾಲು. ನೀನು ನನ್ನಿಂದ ಕಲಿತೆ ಎಂದು ಬರೆದಿದ್ದೀಯಲ್ಲ, ನಾನು ಯಾರಿಂದ ಕಲಿತೆ ಎಂದು ಈಗ ಗೊತ್ತಾಯಿತಾ? ನಿನ್ನನ್ನು ಹೆತ್ತಾಗ 'ದೇವರಿಗೆ ಕೃತಜ್ಞತೆ' ಎಂಬ ಅರ್ಥದ ಹೆಸರನ್ನು ಸುಮ್ಮನೆ ಊರ ವಾಡಿಕೆಗೆ ಇಟ್ಟೆವು. ಈಗ ದಿನವೂ ಅರ್ಥವಿಟ್ಟು ಕರೆಯುತ್ತೇನೆ. ನಿನಗಾಗಿ, ಪೆರ್ಪೆತುವಾಳಿಗಾಗಿ, ಆ ಮೇಟ್ರನ್ನಿಗಾಗಿ, ನಿನ್ನ ಅಪ್ಪನಿಗಾಗಿ. ಆ ಕಂಡಕ್ಟರನಿಗಾಗಿಯೂ, ಎಷ್ಟಾದರೂ ಕಾದನಲ್ಲ.

ಡಿಸೆಂಬರಿನಲ್ಲಿ ಬರುವಾಗ ಸ್ವೆಟರ್ ಮರೆಯಬೇಡ. ಕರುವಿಗೆ ಹೆಸರಿಡುವುದನ್ನು ನಿನಗಾಗಿ ಬಿಟ್ಟಿದ್ದೇವೆ. ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಪಾಡಲಿ, ನಿನ್ನ ಬಾಯಲ್ಲಿ ಒಳ್ಳೆಯ ಮಾತನ್ನೂ ಹಾಡನ್ನೂ ಇಡಲಿ, ನೀನು ಕಲಿಸುವ ಮಕ್ಕಳ ಮುಖದಲ್ಲಿ ಆತನ ಬೆಳಕು ನಿನಗೆ ಕಾಣಲಿ.

ನಿನ್ನ ಅಮ್ಮ,
ಅನಾಯೆಲಿ

ಬುಧವಾರ, ೧೨ ನವೆಂಬರ್

ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಭಾನುವಾರವೇ ಮುಗಿದಿತ್ತು, ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಹೊಸ ನರ್ಸ್ ಚರ್ಚಿನ ಪಕ್ಕದ ಕೋಣೆಯಲ್ಲಿ ಎಳೆ ತಾಯಂದಿರನ್ನೆಲ್ಲ ಸೇರಿಸಿದ್ದಳು. ಹಲ್ಲಿಗೆ ಈ ಬಣ್ಣ ಬರುವುದು ಎಳೆತನದಲ್ಲಿ ಕುಡಿಯುವ ನೀರಿನಿಂದ, ಎಂಟು ವರ್ಷದವರೆಗೆ ಮಗುವಿಗೆ ಮಳೆನೀರನ್ನೋ ಮೇಲಿನ ಬುಗ್ಗೆಯ ನೀರನ್ನೋ ಕೊಡಿ ಎಂದು ಹೇಳಿದಳು. ಹಿರಿಯಳೆಂದು ನನ್ನನ್ನೂ ಕೂರಿಸಿದ್ದಳು. ಮಡಿಲಲ್ಲಿ ಮಗು ಮಲಗಿಸಿಕೊಂಡ ಒಬ್ಬ ಹುಡುಗಿ, "ನಿಮ್ಮ ಕಾಲದಲ್ಲಿ ಇದನ್ನ ಯಾರೂ ಹೇಳಿರಲಿಲ್ವಾ ಅಮ್ಮಾ?" ಎಂದು ನನ್ನನ್ನೇ ಕೇಳಿದಳು. "ಇಲ್ಲಮ್ಮ, ಆಗ ಯಾರಿಗೆ ಗೊತ್ತಿತ್ತು" ಅಂದೆ. ಹದಿನೈದು ದಿನಕ್ಕೆ ನಿನ್ನ ಕಾಗದ ಬಂತು.

ಆಯ್ಕಾ, ನನಗೆ ಹೇಳಿದ್ದರು. ನಿನ್ನನ್ನು ಎತ್ತಿದ ಸೂಲಗಿತ್ತಿಯೇ ಹೇಳಿದ್ದಳು. "ಈ ಮಗುವಿಗೆ ಹೊಳೆ ನೀರು ಬೇಡ ಅನಾಯೆಲಿ, ಬುಗ್ಗೆಯಿಂದ ತಾ." ಏಳು ತಿಂಗಳು ನೀರು ತಂದೆ. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಗಂಟೆ ಏರುವ ದಾರಿ. ಬುಗ್ಗೆ ನಿನ್ನ ದೊಡ್ಡಪ್ಪನ ಜಮೀನಿನಲ್ಲಿತ್ತು. ಒಂದು ಬೆಳಿಗ್ಗೆ ಹೆಂಗಸರೆಲ್ಲ ಸಾಲುಗಟ್ಟಿ ನಿಂತಿದ್ದಾಗ ಬೇರೆ ಊರಿಂದ ಮದುವೆಯಾಗಿ ಬಂದಿದ್ದ, ಬಿಳಿ ಹಲ್ಲಿನ ನಿನ್ನ ದೊಡ್ಡಮ್ಮ ಎಲಿಶಿಲಿಯಾ, "ನೀನು ಕೊನೆಗೆ ತುಂಬ್ಕೋ ಮಾರಾಯ್ತಿ, ನಿನ್ನ ಬಾಯಿ ನೋಡಿದ್ರೆ ಬುಗ್ಗೆನೂ ಕಪ್ಪಾದೀತು" ಅಂದಳು. ತಮಾಷೆಗೇ ಅಂದದ್ದು, ಎಲ್ಲರೂ ನಕ್ಕರು. ನಾನು ಖಾಲಿ ಡಬ್ಬ ಹೊತ್ತು ಇಳಿದು ಬಂದೆ. ಮತ್ತೆ ಹತ್ತಲಿಲ್ಲ. ಹೊಳೆ ಮನೆಯ ಕೆಳಗೇ ಇತ್ತು. ಆಗ ಕಾಫಿ ತೋಟದಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ ನಿನ್ನ ಅಪ್ಪ ಕೇಳಿದಾಗ, ಬುಗ್ಗೆ ಬತ್ತಿದೆ ಅಂದೆ.

ಬಚ್ಚಲಿನ ಹಿಂದೆ ನಿನ್ನ ಬಾಯಿ ತೊಳೆಸಿದ ದಿನ ನೀನು ಇನ್ನೊಂದು ಮಾತು ಕೇಳಿದ್ದೆ, ಅದನ್ನು ಮೇಲೆ ಬರೆಯದೆ ಬಿಟ್ಟೆ. "ಅಮ್ಮಾ, ದೇವರು ನನಗೇ ಯಾಕೆ ಹಿಂಗೆ ಮಾಡಿದ?" ನಾನು ಆತನ ಚಿತ್ತ ದೊಡ್ಡದು ಅಂದೆ. ನಿನ್ನ ಪ್ರಶ್ನೆಯ ಉತ್ತರ ಪಕ್ಕದಲ್ಲೇ ಕೂತು ನಿನ್ನ ಬೆನ್ನು ಸವರುತ್ತಿತ್ತು. ಎಂಟು ವರ್ಷ ನಾನು ನಿನಗೆ ಕುಡಿಸಿದ್ದು ನನ್ನ ನಾಚಿಕೆಯನ್ನು.

ನಿನ್ನೆ ನಿನ್ನ ಅಪ್ಪನಿಗೆ ಹೇಳಿದೆ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಆಮೇಲೆ, "ನಾನೂ ಒಂದು ಭಾನುವಾರ ಹತ್ತಿ ನೋಡಬಹುದಿತ್ತು. ನೋಡಲಿಲ್ಲ. ಅದನ್ನೂ 
ಬರಿ" ಅಂದರು. ಬರೆದಿದ್ದೇನೆ. ಇವತ್ತು ಮಧ್ಯಾಹ್ನ ಆ ಎಳೆ ತಾಯಂದಿರು ಮತ್ತೆ ಸೇರುತ್ತಾರೆ, ನನ್ನನ್ನು ಕೇಳಿದ ಹುಡುಗಿಗೆ ಎಲ್ಲರ ಮುಂದೆ ನಿಜ ಹೇಳುತ್ತೇನೆ. ಆದರೆ ಮೊದಲು ನಿನಗೆ ಹೇಳಬೇಕಾಗಿತ್ತು.

ದೇವರ ಮೇಲೆ ನಿನಗೆ ಒಂದಿಷ್ಟಾದರೂ ಮುನಿಸು ಉಳಿದಿದ್ದರೆ ಅದನ್ನು ಅಲ್ಲಿಂದ ತೆಗೆದು ನನ್ನ ಮೇಲೆ ಇಡು, ಅದು ಸೇರಬೇಕಾದ ಜಾಗ ಇದು. ಕ್ಷಮಿಸು ಎಂದು ಕಾಗದದಲ್ಲಿ ಕೇಳುವುದು ಸುಲಭ, ಕೇಳುವುದಿಲ್ಲ. ಡಿಸೆಂಬರಿನಲ್ಲಿ ಬಸ್ಸಿಳಿಯುವ ಕಡೆ ನಿಂತಿರುತ್ತೇನೆ. ಬೈಯಬೇಕೆನಿಸಿದರೆ ಅಲ್ಲೇ, ಎಲ್ಲರೆದುರಿಗೇ, ಬಾಯ್ತುಂಬ ಬೈದುಬಿಡು ಮಗಳೇ. ನಾನು ಮುಖ ಮುಚ್ಚಿಕೊಳ್ಳುವುದಿಲ್ಲ.